ಅಪ್‌ಡೇಟ್: ಮೂರು ಭಾಷೆಯ ಟೋಕನ್ ಘೋಷಣೆಗೆ ಎಷ್ಟು ಪದ?

1ರಿಂದ 999ರವರೆಗಿನ ಟೋಕನ್ ಸಂಖ್ಯೆಯನ್ನು ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ರೆಕಾರ್ಡ್ ಮಾಡಿದ ಪದಗಳನ್ನು ಜೋಡಿಸಿ ಕೂಗಿಸಲು ಎಷ್ಟು ಪದ ರೆಕಾರ್ಡ್ ಮಾಡಬೇಕು ಅಂತ ಕೇಳಿದ್ದೆ. ಲೆಕ್ಕ ಸಿಕ್ಕಿದೆ. ಇಂಗ್ಲಿಷ್‌ಗೆ 28 ಸಾಕು: 1ರಿಂದ 19, ಟ್ವೆಂಟಿಯಿಂದ ನೈಂಟಿವರೆಗೆ ಎಂಟು, ಒಂದು ಹಂಡ್ರೆಡ್. ಹಿಂದಿಗೆ 100, ಅಲ್ಲಿ 99ರವರೆಗೆ ಒಂದೊಂದೂ ಬೇರೆ ಪದ, ಜೊತೆಗೆ ‘ಸೌ’.

ತೊಡಕೆಲ್ಲ ಕನ್ನಡದಲ್ಲೇ. ‘ಇಪ್ಪತ್ತು’, ‘ಒಂದು’ ಅಂಟಿಸಿದರೆ ಇಪ್ಪತ್ತೊಂದು ಆಗಲ್ಲ, ಸಂಧಿ ತಪ್ಪುತ್ತೆ. ಹಾಗಾಗಿ 1–99 ಇಡಿಯಾಗಿ ಬೇಕು. ನೂರುಗಳಿಗೆ ಎರಡೆರಡು ರೂಪ: ಕೊನೆಗೆ ಬಂದರೆ ‘ಇನ್ನೂರು’, ಮುಂದೆ ಅಂಕಿ ಇದ್ದರೆ ‘ಇನ್ನೂರ’. 99+18, ಅಂದರೆ 117. ಟೋಕನ್ ಸಂಖ್ಯೆಯ ನಂತರ ಕೌಂಟರ್ ಹೇಳುವಾಗ ‘ಕೌಂಟರ್ ನಾಲ್ಕಕ್ಕೆ ಬನ್ನಿ’ಗಿಂತ ‘ನಾಲ್ಕನೇ ಕೌಂಟರ್‌ಗೆ ಬನ್ನಿ’ ವಾಸಿ. ‘ನಾಲ್ಕನೇ’ ತುಣುಕು ನಾಳೆ ಕೊಠಡಿಗೂ ಮಹಡಿಗೂ ಬರುತ್ತೆ.

ಪದಗಳನ್ನು ಬಿಡಿಬಿಡಿಯಾಗಿ ಓದಿಸಿದರೆ ಪ್ರತಿಯೊಂದರ ಕೊನೆಗೂ ದನಿ ಇಳಿದು ಹಾಜರಿ ಕೂಗಿದ ಹಾಗಾಗುತ್ತೆ. ‘ಟೋಕನ್ ಸಂಖ್ಯೆ ಇನ್ನೂರ ನಲವತ್ತೈದು, ನಾಲ್ಕನೇ ಕೌಂಟರ್‌ಗೆ ಬನ್ನಿ’ ಅಂತ ಪೂರ್ತಿ ವಾಕ್ಯ ಓದಿಸಿ, ಆಮೇಲೆ ಕತ್ತರಿಸಿ. ಪ್ರತಿ ತುಣುಕಿನ ಎರಡೂ ತುದಿಗೆ 5 ಮಿಲಿಸೆಕೆಂಡ್ ಫೇಡ್ (ಸದ್ದು ಮೆಲ್ಲಗೆ ಏರುವ, ಇಳಿಯುವ ಹಾಗೆ) ಕೊಡಿ, ಇಲ್ಲದಿದ್ದರೆ ಜೋಡಿಸಿದಲ್ಲಿ ‘ಟಿಕ್’ ಸದ್ದು. ಎಂಪಿ3 ಬೇಡ, ಫೈಲಿನ ತುದಿಗಳಲ್ಲಿ ಮೌನ ಸೇರಿಸಿಬಿಡುತ್ತೆ. 16 ಕಿಲೋಹರ್ಟ್ಸ್‌ನ ಮೋನೊ (ಒಂದೇ ಚಾನೆಲ್‌ನ) ವೇವ್ (WAV) ಫೈಲ್ ಧಾರಾಳ.