ಬಾರ್ಲಿ ಅಂಟದ ಹಾಗೆ ಬೇಯಿಸುವುದು ಹೇಗೆ? ಮಾಡಿದವರು ಹೇಳಿ

ಕೇಳಿದವರು, ದಾವಣಗೆರೆ:
ಮಾವನವರಿಗೆ ಶುಗರ್. ಅನ್ನ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಕಿರಾಣಿ ಅಂಗಡಿಯಿಂದ ಪಾಲಿಶ್ ಮಾಡಿದ ಬಿಳಿ ಬಾರ್ಲಿ ತಂದು ಅನ್ನದ ಹಾಗೇ ಕುಕ್ಕರಿಗೆ ಇಟ್ಟೆ. ಮೇಲೆಲ್ಲ ಅಂಟಂಟು, ಒಳಗೆ ಗಟ್ಟಿ. ಮಾವನವರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. ರೂಢಿ ಇರುವವರು ದಯವಿಟ್ಟು ಹೇಳಿ.

ಹರಿಹರ:
ಅಕ್ಕಾ, ಅನ್ನದ ಲೆಕ್ಕ ಇದಕ್ಕೆ ಬೇಡ. ಬಾರ್ಲಿ ಎಷ್ಟು ಬೆಂದರೂ ಹಲ್ಲಿಗೆ ಸ್ವಲ್ಪ ಸಿಗುತ್ತದೆ, ಅದರ ರುಚಿಯೇ ಅದು. ಎರಡು ಮೂರು ಸಲ ಉಜ್ಜಿ ತೊಳೆದು ನಾಲ್ಕೈದು ಗಂಟೆ ನೆನೆಹಾಕಿ. ಅಗಲವಾದ ಪಾತ್ರೆಯಲ್ಲಿ ಒಂದು ಲೋಟಕ್ಕೆ ಐದಾರು ಲೋಟ ನೀರು ಕುದಿಸಿ, ಉಪ್ಪು ಹಾಕಿ, ಮುಚ್ಚಳ ಓರೆಯಾಗಿಟ್ಟು ಬೇಯಿಸಿ. ನೆನೆದಿದ್ದರೆ 25ರಿಂದ 30 ನಿಮಿಷ ಸಾಕು. ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು, ಚುಕ್ಕೆ ಹೋಗಿ ಕಾಳು ಉಬ್ಬಿ ಬೆನ್ನಿನ ಗೀರು ಬಿಚ್ಚಿಕೊಂಡಿದ್ದರೆ ಆಯಿತು ಅಂತ. ತಕ್ಷಣ ಬಸಿದು ತಟ್ಟೆಯಲ್ಲಿ ಹರವಿ, ಒಂದು ಚಮಚ ಎಣ್ಣೆ ಸವರಿ. ಅಂಟೆಲ್ಲ ನೀರಿಗೆ ಹೋಗಿರುತ್ತದೆ, ಕಾಳು ಉದುರುದುರಾಗಿ ಬರುತ್ತದೆ. ಒಂದು ಲೋಟ ಬೆಂದು ಹೆಚ್ಚುಕಡಿಮೆ ಮೂರು ಲೋಟ ಆಗುತ್ತದೆ, ನೋಡಿಕೊಂಡು ಹಾಕಿ.

ಕುಕ್ಕರನ್ನು ನಾನು ಸೂಪು, ಗಂಜಿಗೆ ಮಾತ್ರ ಇಡುತ್ತೇನೆ. ಒಂದಕ್ಕೆ ಮೂರು ನೀರು, ಮೂರು ನಾಲ್ಕು ವಿಶಲ್, ಆಮೇಲೆ ತಾನಾಗಿ ಆರಲು ಬಿಡುವುದು. ಅರ್ಧಕ್ಕಿಂತ ಮೇಲೆ ಮಾತ್ರ ತುಂಬಿಸಲೇಬೇಡಿ, ನೊರೆ ಉಕ್ಕಿ ವಿಶಲ್ ತೂತಿಗೇ ಕಟ್ಟಿಕೊಳ್ಳುತ್ತದೆ.

ಚಳ್ಳಕೆರೆ:
ಹಾಗೆ ಬಸಿದ ಬಾರ್ಲಿಗೆ ಚಿತ್ರಾನ್ನದ ಒಗ್ಗರಣೆ ಹಾಕಿ ನೋಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಶೇಂಗಾ ಕೈತುಂಬ (ನಮ್ಮೂರಿನವರು ಇನ್ನೇನು ಹೇಳಿಯಾರು!), ಕೊನೆಗೆ ನಿಂಬೆಹಣ್ಣು. ಹುಳಿ ಖಾರ ಅನ್ನಕ್ಕಿಂತ ಸ್ವಲ್ಪ ಮುಂದೆ ಇರಲಿ, ಬಾರ್ಲಿ ಸಪ್ಪೆ ಕಾಳು. ಮೊಸರಲ್ಲೂ ಚೆನ್ನಾಗಿರುತ್ತದೆ, ಆದರೆ ಬೆಳಗ್ಗೆ ಕಲಸಿಟ್ಟರೆ ಮಧ್ಯಾಹ್ನಕ್ಕೆ ಮೊಸರೆಲ್ಲ ಹೀರಿಕೊಂಡು ಮುದ್ದೆಯಾಗುತ್ತದೆ. ತಿನ್ನುವಾಗಲೇ ಕಲಸಿ. ಪುಳಿಯೋಗರೆ ಮಾತ್ರ ನನಗೆ ಹಿಡಿಸಲಿಲ್ಲ. ಬೆಂದಿದ್ದನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು, ಗಟ್ಟಿಯಾಗಿರುತ್ತದೆ, ಇಡ್ಲಿ ಪಾತ್ರೆಯಲ್ಲಿ ಹಬೆ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ.

ದಾವಣಗೆರೆ, ವಿದ್ಯಾನಗರ:
ದೋಸೆ ಮಾಡಿ ಮೇಡಂ, ಯಾರಿಗೂ ಗೊತ್ತೇ ಆಗಲ್ಲ. ಒಂದು ಲೋಟ ಬಾರ್ಲಿ, ಒಂದು ಲೋಟ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ರುಬ್ಬಿ ರಾತ್ರಿ ಹುದುಗಲು ಬಿಡಿ. ಹಿಟ್ಟು ಸ್ವಲ್ಪ ಲೋಳೆಯಾಗಿರುತ್ತದೆ, ಕಾವಲಿ ಚೆನ್ನಾಗಿ ಕಾದಿರಲಿ. ಮೇಲೆ ನಮ್ಮೂರ ಲೆಕ್ಕದಲ್ಲಿ ಬೆಣ್ಣೆ ಹಾಕಿದರೆ ಡಾಕ್ಟರ್ ಹೇಳಿದ್ದೆಲ್ಲ ಹೋಯಿತು, ಅಲ್ವಾ.

ಚಿತ್ರದುರ್ಗ:
ರುಚಿ ಸರಿ, ಶುಗರ್ ವಿಷಯ ಒಂದು ಮಾತು. ಬಾರ್ಲಿಯಲ್ಲಿ ಬೀಟಾ ಗ್ಲುಕನ್ ಅನ್ನುವ ಕರಗುವ ನಾರು ಇದೆ, ಆ ಅಂಟಿಗೆ ಪಿಷ್ಟದ ಜೊತೆ ಅದೂ ಒಂದು ಕಾರಣ. ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವುದು ಅದರಿಂದ. ಅದು ಹೊಟ್ಟಿನಲ್ಲಿ ಮಾತ್ರ ಅಲ್ಲ, ಕಾಳಿನ ತುಂಬ ಇರುತ್ತದೆ, ಹಾಗಾಗಿ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಹಾಗಂತ ತಟ್ಟೆ ತುಂಬ ಬಡಿಸಬೇಡಿ, ಅದೂ ಪಿಷ್ಟವೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಾಯಿಸಿದ್ದನ್ನು ಡಾಕ್ಟರಿಗೆ ತಿಳಿಸಿ. ಗೋಧಿಯ ಹಾಗೆ ಇದರಲ್ಲೂ ಗ್ಲುಟನ್ ಇದೆ, ಮನೆಯಲ್ಲಿ ಗ್ಲುಟನ್ ಆಗದವರಿದ್ದರೆ ಬೇಡವೇ ಬೇಡ. ನನ್ನ ಕೇಳಿದರೆ ವಾರಕ್ಕೆ ಎರಡು ದಿನ ಬಾರ್ಲಿ, ಉಳಿದಂತೆ ಹೊಸದುರ್ಗದ ಕಡೆಯ ಸಾಮೆ, ನವಣೆ ಸಾಕು. ಎಲ್ಲಿಂದಲೋ ಬರುವ ಕಾಳಿಗೇ ಯಾಕೆ ಜೋತುಬೀಳಬೇಕು?

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹರಿಹರದ ಅಕ್ಕಾ, ಬಸಿದ ನೀರು ಚೆಲ್ಲಬೇಕಾ?

ಹರಿಹರ:
ಅಯ್ಯೋ ಬೇಡ! ಕರಗುವ ನಾರು ಅದರಲ್ಲೂ ಇಳಿದಿರುತ್ತದೆ. ಮಜ್ಜಿಗೆಗೆ ಬೆರೆಸಿ ಜೀರಿಗೆಪುಡಿ ಹಾಕಿ ಕೊಡಿ, ಇಲ್ಲ ಬೇಳೆಸಾರಿಗೆ ಹಾಕಿ, ಸಾರು ತಾನೇ ಗಟ್ಟಿ ಬರುತ್ತದೆ. ಉಪ್ಪು ಮೊದಲೇ ಬಿದ್ದಿದೆ, ನೆನಪಿರಲಿ. ಅದೇ ದಿನ ಮುಗಿಸಿ, ಮರುದಿನಕ್ಕೆ ಲೋಳೆ ಲೋಳೆಯಾಗಿ ಯಾರೂ ಮುಟ್ಟಲ್ಲ.