ಪಾಲಿಕೆ ವಾರ್ಡಿಗೆ ನಿಲ್ಲೋರ ಪಟ್ಟಿಯೊಳಗ ಮೊದಲು ಏನಿರಬೇಕು?

ಗುಮ್ಮಟದ ನೆರಳು (ಪ್ರಶ್ನೆ)

ವಿಜಯಪುರ ಮಹಾನಗರ ಪಾಲಿಕೆಯ ಮುಂದಿನ ಚುನಾವಣೆಗೆ ನಮ್ಮ ಓಣಿಯಿಂದ ಒಬ್ಬರು ಪಕ್ಷೇತರರಾಗಿ ನಿಲ್ಲೋ ತಯಾರಿಯೊಳಗ ಅದಾರ. ಕರಪತ್ರದ ಕರಡಿನ್ಯಾಗ 14 ಭರವಸೆ: 24 ತಾಸು ನೀರು, ಎಲ್ಲಾ ಗಲ್ಲಿಗೂ ಸಿಸಿ (ಕಾಂಕ್ರೀಟ್) ರಸ್ತೆ, ಒಳಚರಂಡಿ, ಬೀದಿ ದೀಪ, ಪೊಲೀಸ್ ಚೌಕಿ, ಜೋತುಬಿದ್ದ ಕರೆಂಟ್ ತಂತಿ, ಉತಾರ (ಆಸ್ತಿಯ ಖಾತಾ ದಾಖಲೆ), ಜಿಮ್, ಹುಡುಗರಿಗೆ ನೌಕರಿ, ತೆರಿಗೆ ಮನ್ನಾ, ಹಿಂಗ ಸಾಲ ಹಚ್ಚ್ಯಾರ. ವಾರ್ಡಿನ ಅರ್ಧ ಭಾಗ ಹಳೇ ಊರು, ಸ್ಮಾರಕಗಳ ಆಜೂಬಾಜು. ಇನ್ನರ್ಧ ಎರಿ (ಕಪ್ಪು ಮಣ್ಣಿನ) ಭೂಮಿ ಮ್ಯಾಲ ಎದ್ದ ಲೇಔಟ್. ಯಾವುದು ಇಡಬೇಕು, ಯಾವುದು ತೆಗೀಬೇಕು? "ಪುರಾತತ್ವ ಇಲಾಖೆಯವ್ರು ಬಿಡಂಗಿಲ್ಲ, ಹಳೇ ಊರಾಗ ಗಟಾರದ ಮಾತೇ ಎತ್ತಬ್ಯಾಡ್ರಿ" ಅನ್ನೋರೂ ಅದಾರ. ಅದು ಖರೇನ?

ಕಡತದ ಹುಳ

ಪ್ರತಿ ಭರವಸೆಯ ಮುಂದೆ "ಇದು ಯಾರ ಕೈಯಲ್ಲಿದೆ" ಎಂದು ಬರೆಯಿರಿ, ಅರ್ಧ ಪಟ್ಟಿ ತಾನೇ ಕರಗುತ್ತದೆ. ಚೌಕಿ ಗೃಹ ಇಲಾಖೆಯದು. ತಂತಿ, ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ವಿದ್ಯುತ್ ಕಂಪನಿ ಹೆಸ್ಕಾಂನದು. ಕಂಬದ ಮೇಲಿನ ಬೀದಿ ದೀಪ ಮಾತ್ರ ಪಾಲಿಕೆಯದು. ನೌಕರಿ ಕೊಡುವ ಅಧಿಕಾರ ಸದಸ್ಯರಿಗಿಲ್ಲ. ತೆರಿಗೆ ಮನ್ನಾ ಕೂಡ ಒಬ್ಬ ಸದಸ್ಯರ ಮಾತಿಗೆ ಆಗುವುದಲ್ಲ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಜುಲೈನಿಂದ ತಿಂಗಳಿಗೆ 2% ದಂಡ ಎಂಬುದನ್ನು ಮನೆಮನೆಗೆ ತಿಳಿಸಿದರೆ ಜನರ ದುಡ್ಡು ಉಳಿಯುತ್ತದೆ, ಅದನ್ನು ಬೇಕಾದರೆ ಹಾಕಿಕೊಳ್ಳಿ. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ 58ನೇ ಕಲಂ ಪಾಲಿಕೆ ಮಾಡಲೇಬೇಕಾದ ಕೆಲಸಗಳದ್ದು, 59ನೆಯದು ಮನಸ್ಸಿದ್ದರೆ ಮಾಡಬಹುದಾದದ್ದು. ಕರಡು ಬರೆದವರು ಈ ಎರಡನ್ನು ಒಮ್ಮೆ ಓದಲಿ.

ಇನ್ನು ಹಣ. ಪಾಲಿಕೆಯ ಸ್ವಂತ ಆದಾಯದಲ್ಲಿ 24.10% ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25% ಇತರೆ ಬಡವರಿಗೆ, 5% ಅಂಗವಿಕಲರಿಗೆ ಮೀಸಲು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಿತ್ತು. ನೀರು, ಗಟಾರದ ಕೆಲಸ ಕೇಳಿದರೆ ಬಜೆಟ್‌ನಲ್ಲಿ ಹಣದ ಶೀರ್ಷಿಕೆ ಸಿಗುತ್ತದೆ. ಜಿಮ್ ಕೇಳಿದರೆ ಉಳಿದ ಚಿಲ್ಲರೆಗೆ ಬೇರೆ 34 ವಾರ್ಡುಗಳ ಜೊತೆ ಜಗ್ಗಾಡಬೇಕು.

ಎರಿ ಮಣ್ಣು

ಸಿಸಿ ರಸ್ತೆ ಮೊದಲನೇ ಸಾಲಿನ್ಯಾಗ ಐತೇನು? ಕಡೀ ಸಾಲಿಗೆ ಒಯ್ರಿ. ಭೂಮಿ ಒಳಗಿನ ಕೆಲಸ ಮುಗಿಯೂದಕ್ಕಿಂತ ಮೊದಲ ಮ್ಯಾಲಿನ ಕೆಲಸ ಮಾಡಿದ್ರ ಅದೇ ರಸ್ತೆ ಮೂರು ಸಲ ಅಗೀತಾರ: ಒಮ್ಮೆ ಒಳಚರಂಡಿಗೆ, ಒಮ್ಮೆ ನಳಕ್ಕ, ಒಮ್ಮೆ ಮನಿ ಜೋಡಣೆಗೆ. ಅಗದ ಪಟ್ಟಿಯೊಳಗ ಎರಿ ಮಣ್ಣನ್ನೇ ತಿರುಗಿ ತುಂಬಿ ಮ್ಯಾಲ ಕಾಂಕ್ರೀಟ್ ಸುರೀತಾರ. ಮಳಿಗಾಲಕ್ಕ ಮಣ್ಣು ಉಬ್ಬತೈತಿ, ಬ್ಯಾಸಿಗಿಗೆ ಬಿರೀತೈತಿ, ಎರಡನೇ ವರ್ಷಕ್ಕ ರಸ್ತೆ ನಡುವ ಉದ್ದಕ ಸೀಳು. ಎಸ್ಟಿಮೇಟ್‌ನ್ಯಾಗ ಎರಿ ತಗದು ಗರಸು ಹಾಕಿ, ನೀರು ಹೊಡದು ಪದರು ಪದರಾಗಿ ರೋಲರ್ ಹೊಡೆಯೋ ಐಟಂ ಐತೋ ಇಲ್ಲೋ, ಅದನ್ನ ಮೊದಲು ನೋಡ್ರಿ. ಇಲ್ಲಂದ್ರ ಆ ರಸ್ತಿ ಕೇಳಬ್ಯಾಡ್ರಿ.

ಒಳಚರಂಡಿ ಅಂದ್ರ ಬರೇ ಪೈಪ್ ಹಾಕೋದಲ್ಲ. ಗಲ್ಲಿ ಲೈನ್ 150 ಮಿಮೀಗಿಂತ ಸಣ್ಣದಿರಬಾರದು, ಮ್ಯಾನ್‌ಹೋಲ್ 30 ಮೀಟರಿಗೊಂದು ಬೇಕು. ಪೈಪ್ ಹಾಕಿದ ಗಲ್ಲಿಯೊಳಗೂ ಎಷ್ಟು ಮನಿ ಜೋಡಣೆ ಆಗ್ಯಾವ ಅಂತ ಎಣಿಸ್ರಿ. ಜೋಡಣೆ ಕಡಿಮಿ ಇದ್ದಲ್ಲಿ ಪೈಪಿನ್ಯಾಗ ಹರಿಯೋ ನೀರು ಸಾಲಂಗಿಲ್ಲ, ಹೂಳು ಕುಂತು ಕಟ್ಟತೈತಿ. ಕಟ್ಟಿದ್ರ ಸುರಕ್ಷತಾ ಸಲಕರಣಿ ಇಲ್ಲದ ಮನಷ್ಯಾರನ್ನ ಇಳಸೂದು ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ, ಒತ್ತಡದ ನೀರಿನಿಂದ ಹೂಳು ಬಿಡಸೋ ಜೆಟ್ಟಿಂಗ್ ಮಷೀನೇ ಬರಬೇಕು. ಆ ಗಾಡಿ ನಿಮ್ಮ ಗಲ್ಲಿಯೊಳಗ ಹಾಯ್ತೈತೇನು, ಅಗಲ ಅಳೀರಿ.

ನನ್ನ ಕೇಳಿದ್ರ ಒಂದನೇ ನಂಬರ್ ಇದು: ಗಟಾರದೊಳಗಿಂದ ದಾಟೋ ನಳದ ಪೈಪು. ಹಳೇ ಓಣಿಯೊಳಗ ಮನಿ ನಳದ ಕಬ್ಬಿಣದ (ಜಿಐ) ಪೈಪು ಗಟಾರದ ನೀರಾಗ ಮುಳುಗಿ ತುಕ್ಕು ತಿಂದಿರತಾವ. ನೀರು ಬಂದಾಗ ಒತ್ತಡ ಇರೋದ್ರಿಂದ ಸೋರೋದು ಹೊರಗ. ನೀರು ಬಂದ್ ಆದಕೂಡ್ಲೇ ಪೈಪು ಖಾಲಿಯಾಗಿ, ಅದೇ ತೂತಿನಿಂದ ಗಟಾರದ ನೀರು ಒಳಗ ಜಗ್ಗತೈತಿ. ನಳ ಬಂದಾಗ ಮೊದಲನೇ ಹತ್ತು ನಿಮಿಷ ವಾಸನಿ ಬರೋದು ಇದಕ್ಕ. ಪೈಪನ್ನ ಗಟಾರದ ನೀರಿಗೆ ತಾಗದಂಗ, ಮ್ಯಾಲೊಂದು ದಪ್ಪ ಪೈಪಿನ ಕವಚ ಹಾಕಿ ದಾಟಿಸಬೇಕು, ಗಟಾರದ ಅಗಲದೊಳಗ ಜಾಯಿಂಟ್ ಇರಬಾರದು. ಖರ್ಚು ಕಮ್ಮಿ, ಮನಿ ಮನಿಗೆ ಗೊತ್ತಾಗತೈತಿ.

24 ತಾಸು ನೀರು ಅಂತ ಬರೀಬ್ಯಾಡ್ರಿ. ನೀರು ಕೊಲ್ಹಾರದ ಹತ್ರ ಕೃಷ್ಣಾ ನದಿಯಿಂದ ಎತ್ತಿ ತರೋದು. ಪಂಪು, ಮೇನ್ ಲೈನು, ಟಾಕಿ ಯಾವುದೂ ಒಂದು ವಾರ್ಡಿನ ಕೈಯಾಗಿಲ್ಲ. "ಯಾವ ಗಲ್ಲಿಗೆ ಯಾವ ದಿನ, ಎಷ್ಟಕ್ಕ ನೀರು, ವಾಲ್‌ಮನ್ ಯಾರು ಅನ್ನೋದನ್ನ ಬೋರ್ಡ್ ಮ್ಯಾಲ ಬರಸ್ತೀವಿ" ಅಂತ ಬರೀರಿ. ಕಡೀ ಮನಿ ನಳದಾಗ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಉಳದಿರಬೇಕು. ಸಣ್ಣ ಕಿಟ್ ಸಿಗತೈತಿ, ಬಣ್ಣ ನೋಡಿ ಹೇಳಬಹುದು.

ಬಾವಡಿ ಮೆಟ್ಟಿಲು

ಪುರಾತತ್ವದ ಮಾತಿಗೆ. ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಅದೇ ಕಾಯ್ದೆ "ನಿರ್ಮಾಣ" ಎಂಬ ಪದವನ್ನು ವಿವರಿಸುವಾಗ ಚರಂಡಿ ಕಟ್ಟುವುದು, ಶುಚಿ ಮಾಡುವುದು, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಸರಬರಾಜು, ವಿದ್ಯುತ್ ಪೂರೈಕೆ ಇವನ್ನೆಲ್ಲ ಹೊರಗಿಟ್ಟಿದೆ. ಗಟಾರಕ್ಕೆ ಆ ನಿಷೇಧ ಅಡ್ಡಬರುವುದಿಲ್ಲ. ಸ್ಮಾರಕದ ಕಾಂಪೌಂಡಿನೊಳಗಿನ ಮಾತು ಬೇರೆ. ಅಗೆಯುವ ಮೊದಲು ನಕ್ಷೆ ಸಮೇತ ಇಲಾಖೆಗೆ ಪತ್ರ ಕೊಟ್ಟಿರಿ, ನಡುವೆ ಕೆಲಸ ನಿಲ್ಲುವ ಪ್ರಸಂಗ ತಪ್ಪುತ್ತದೆ. ಆದಿಲ್‌ಶಾಹಿ ಕಾಲದ ನೀರಿನ ಕಾಲುವೆ, ಮಣ್ಣಿನ ಕೊಳವೆಗಳು ಹಳೇ ಊರಿನ ಕೆಳಗೆ ಹಾದಿವೆ. ಜೆಸಿಬಿ ಬಿಟ್ಟು ಕೈಯಿಂದ ಅಗೆಸುವುದು ಲೇಸು.

ಮನೆಗಳ ವಿಷಯದಲ್ಲಿ ಮಾತ್ರ ನಾಲಿಗೆ ಬಿಗಿಹಿಡಿಯಬೇಕು. 100 ಮೀಟರ್ ಒಳಗೆ ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು, ಹೊಸ ಮನೆಗೆ ಇಲ್ಲ. "ಪರವಾನಗಿ ಕೊಡಿಸುತ್ತೇವೆ" ಎಂಬ ಸಾಲು ಕರಡಿನಲ್ಲಿದ್ದರೆ ಇವತ್ತೇ ಹೊಡೆದುಹಾಕಿ.

ಗುಮ್ಮಟದ ನೆರಳು

ಚಲೋ ಆತ್ರಿ. ಹಂಗಾದ್ರ ನಳ–ಗಟಾರ, ಮನಿ ಜೋಡಣೆ, ಬೀದಿ ದೀಪ, ಉತಾರ ಇವು ನಾಕು ಉಳೀತಾವ. ವಾರ್ಡಿನ ಲೆಕ್ಕ ಹೆಂಗ ತಗೋಬೇಕು? ಉತಾರದಾಗ ಏನು ಭರವಸೆ ಕೊಡಬಹುದು?

ಕಡತದ ಹುಳ

ಇಬ್ಬರು, ಒಂದು ನೋಟ್‌ಬುಕ್, ಸಂಜೆ ಹೊತ್ತು. ಗಲ್ಲಿಗೊಂದು ಪುಟ ಮಾಡಿ: ಗಟಾರ ದಾಟುವ ಪೈಪುಗಳ ಸಂಖ್ಯೆ, ಮುಚ್ಚಳವಿಲ್ಲದ ಮ್ಯಾನ್‌ಹೋಲ್, ಜೋಡಣೆ ಇಲ್ಲದ ಮನೆ, ಕತ್ತಲ ಕಂಬದ ನಂಬರ್. ಕಂಬದ ನಂಬರ್ ಇಲ್ಲದ ದೂರು ಕಚೇರಿಯಲ್ಲೇ ಕೊಳೆಯುತ್ತದೆ. ವಾರ್ಡಿನ ಗಡಿಯನ್ನು ಅಧಿಸೂಚನೆಯ ಚಕ್ಕುಬಂದಿ ಹಿಡಿದು ನಡೆದೇ ನೋಡಿ. ರಸ್ತೆಯ ಒಂದು ಮಗ್ಗುಲು ನಿಮ್ಮದು, ಇನ್ನೊಂದು ಪಕ್ಕದ ವಾರ್ಡಿನದು ಆಗಿರುವುದು ಸಾಮಾನ್ಯ. ಬಜೆಟ್ ವರ್ಷ ಏಪ್ರಿಲ್‌ನಿಂದ ಶುರು, ಆದ್ದರಿಂದ ಬೇಡಿಕೆ ಡಿಸೆಂಬರ್–ಜನವರಿಯಲ್ಲೇ ಲಿಖಿತವಾಗಿ ಒಳಗೆ ಹೋಗಿರಬೇಕು. ಮಾರ್ಚ್‌ನಲ್ಲಿ ಕೇಳಿದವರಿಗೆ ಮುಂದಿನ ವರ್ಷ.

ಉತಾರದಲ್ಲಿ ಕೊಡಬಹುದಾದದ್ದು ಶಿಬಿರ ಮಾತ್ರ: ನೋಂದಾಯಿತ ಖರೀದಿ ಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಮಾಲೀಕರ ಗುರುತಿನ ಚೀಟಿ, ಆಸ್ತಿಯ ಫೋಟೊ ಇಷ್ಟನ್ನು ಮನೆಯವರಿಂದ ಮುಂಚೆಯೇ ಜೋಡಿಸಿಟ್ಟರೆ ಅರ್ಜಿ ಹಿಂದಿರುಗುವುದು ತಪ್ಪುತ್ತದೆ. ಬಿ ಖಾತಾ (ಅನಧಿಕೃತ ಆಸ್ತಿಗೆ ಕೊಡುವ ಖಾತಾ) ಸಿಕ್ಕಿತೆಂದರೆ ಲೇಔಟ್ ಸಕ್ರಮವಾಯಿತು ಎಂದಲ್ಲ. ಅದನ್ನು ಹಾಗೆ ಹೇಳಿ ವೋಟು ಕೇಳುವವರಿದ್ದಾರೆ, ನೀವು ಕೇಳಬೇಡಿ.

ಮತ್ತೊಂದು, ಮೀಸಲಾತಿ ಪಟ್ಟಿ ಬರುವ ತನಕ ಕರಪತ್ರ ಅಚ್ಚಿಗೆ ಕೊಡಬೇಡಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಹಿಂದುಳಿದ ವರ್ಗ, ಪರಿಶಿಷ್ಟರ ಮೀಸಲು ಬೇರೆ, ಎಲ್ಲವೂ ಸರದಿಯಲ್ಲಿ ತಿರುಗುತ್ತವೆ. ಅಭ್ಯರ್ಥಿಗೆ ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿದ್ದರೆ ಅನರ್ಹತೆ ಬರುತ್ತದೆ, ಅದನ್ನು ಈಗಲೇ ಕೇಳಿಕೊಳ್ಳಿ. ಫಲಿತಾಂಶವಾದ 30 ದಿನದೊಳಗೆ ಖರ್ಚಿನ ಲೆಕ್ಕ. ಗೆದ್ದರೆ ಒಂದು ತಿಂಗಳೊಳಗೆ ಆಸ್ತಿ ವಿವರ, ಆಮೇಲೆ ಪ್ರತಿವರ್ಷ. ಮರೆತರೆ ಸದಸ್ಯತ್ವಕ್ಕೇ ಕುತ್ತು.

ಎರಿ ಮಣ್ಣು

ಎಣಿಸೋ ಕೆಲಸ ಮಳಿ ಬಿದ್ದ ಮರುದಿನ ಮುಂಜಾನೆ ಇಟ್ಟಕೋರಿ. ಯಾವ ಗಟಾರ ತುಂಬೇತಿ, ಯಾವ ಮನಿ ಹೊಸ್ತಿಲಿಗೆ ನೀರು ತಟ್ಟೇತಿ ಕಣ್ಣಿಗೇ ಕಾಣತೈತಿ. ನೀರು ತಟ್ಟಿದ ಗೋಡಿ ಮ್ಯಾಲ ಸೀಮಿಸುಣ್ಣದಿಂದ ಗೀಟು ಹಾಕಿ ಫೋಟೊ ತಗೋರಿ. ಜೆಇ (ಕಿರಿಯ ಎಂಜಿನಿಯರ್) ಲೆವೆಲ್ ಹಿಡಿಯಾಕ ಬಂದಾಗ ಆ ಗೀಟು ಉಪಯೋಗಕ್ಕ ಬರತೈತಿ.