ಸಹಾಯ ಬೇಕು: ಅಪ್ಪನ ಖಿನ್ನತೆಗೆ ಹಾರ್ಮೋನ್ ಮಾತ್ರೆ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಅಮ್ಮ ಹೋದ ಮೇಲೆ ತುಂಬಾ ಮಂಕಾಗಿದ್ದಾರೆ, ಪೇಪರ್ ಕೂಡ ಬಿಡಿಸಿ ನೋಡುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಏನು ಕೇಳಿದರೂ "ಸುಮ್ನೆ ಬಿಡು" ಅನ್ನುತ್ತಾರೆ. ಮನೋವೈದ್ಯರು ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ ಶುರು ಮಾಡಿ ಮೂರು ವಾರ ಆಯಿತು. ಇನ್ನೂ ಅಂಥ ಬದಲಾವಣೆ ಇಲ್ಲ.

ಈ ನಡುವೆ ಸಂಬಂಧಿಕರೊಬ್ಬರು ಡಿಎಚ್‌ಇಎ ಅನ್ನುವ ಹಾರ್ಮೋನ್ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದಾರೆ. ವಯಸ್ಸಾದಂತೆ ಹಾರ್ಮೋನ್ ಕಮ್ಮಿಯಾಗುತ್ತದೆ, ತುಂಬಿಸಿದರೆ ಮನಸ್ಸೂ ಸರಿಹೋಗುತ್ತದೆ ಅನ್ನುವುದು ಅವರ ಲೆಕ್ಕ. ಕಮ್ಮಿಯಾಗುವುದು ನಿಜ. ಆದರೆ ವಯಸ್ಸಾದರೆ ಕೂದಲೂ ಉದುರುತ್ತದೆ, ಅದಕ್ಕೇ ಖಿನ್ನತೆ ಬಂತು ಅನ್ನಲಾಗುತ್ತದಾ? ಜೊತೆಗೆ ಇದು ದೇಹದೊಳಗೆ ಟೆಸ್ಟೋಸ್ಟೆರಾನ್, ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಅಪ್ಪನಿಗೆ ಪ್ರಾಸ್ಟೇಟ್ ಬೇರೆ ದೊಡ್ಡದಾಗಿದೆ, ಹಾಗಾಗಿ ಭಯವಾಗಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಇನ್ನೊಂದು ವಿಷಯ. ಅಪ್ಪನ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 6.1 ಬಂದಿದೆ, ಅಂದರೆ ಸ್ವಲ್ಪ ಜಾಸ್ತಿ; ಟಿ4 (ಥೈರಾಯ್ಡಿನದೇ ಹಾರ್ಮೋನ್) ನಾರ್ಮಲ್. ಥೈರಾಯ್ಡಿನ ಕೆಲಸ ನಿಜವಾಗಿ ಕುಗ್ಗಿದರೆ ಖಿನ್ನತೆಯ ಹಾಗೇ ಕಾಣುತ್ತದೆ ಅಂತ ಗೊತ್ತು. ಆದರೆ 65 ಮತ್ತು ಅದಕ್ಕೂ ಜಾಸ್ತಿ ವಯಸ್ಸಿನ 737 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಸಣ್ಣ ಏರಿಕೆಗೆ ಲೆವೋಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಕೊಟ್ಟರೂ ಸುಸ್ತು ಕಡಿಮೆಯಾಗಲಿಲ್ಲ. ಹಾಗಿದ್ದರೆ ಸುಮ್ಮನೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು, ಅಲ್ವಾ?

ನಿಮ್ಮ ಮನೆಯ ಹಿರಿಯರಿಗೆ ಡಾಕ್ಟರೇ ಹಾರ್ಮೋನ್ ಬರೆದುಕೊಟ್ಟಿದ್ದರೆ ಯಾವ ಪರೀಕ್ಷೆ ನೋಡಿ ಕೊಟ್ಟರು, ಮನಸ್ಸಿನಲ್ಲಿ ವ್ಯತ್ಯಾಸ ಕಂಡಿತಾ, ದಯವಿಟ್ಟು ತಿಳಿಸಿ. ಸರ್ಟ್ರಾಲಿನ್ ಹಿಡಿಯಲು ಎಷ್ಟು ವಾರ ಬೇಕಾಯಿತು ಅನ್ನುವುದೂ ಹೇಳಿ. ಗುರುವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. "ಧೈರ್ಯವಾಗಿರಿ, ವಾಕಿಂಗ್ ಮಾಡಿಸಿ" ಅನ್ನುವ ಉತ್ತರ ಮಾತ್ರ ಬೇಡ, ಅದು ಆಗಲೇ ಸಾಕಷ್ಟು ಸಿಕ್ಕಿದೆ.